ಹನಿ ಇಳಿಯುತ್ತಿದ್ದ ಕೈ

ಬಿಸಿ ರಕ್ತವನ್ನು ತಣ್ಣಗೆ ಮಾಡುವುದು ನನ್ನ ಕೆಲಸವಾಗಿತ್ತು. ಮೈಯಿಂದ ಹೊರಗೆ ಬಂದ ಮಾತ್ರಕ್ಕೆ ರಕ್ತ ಸುಮ್ಮನಾಗುವುದಿಲ್ಲ. ಗಾಜಿನ ಕೊಳವೆಯಲ್ಲಿ ಕೂತರೂ ಅದು ತನ್ನೊಳಗಿನ ಸಕ್ಕರೆಯನ್ನು ತಿನ್ನುತ್ತಾ ಲ್ಯಾಕ್ಟೇಟ್ ಎಂಬ ಹುಳಿಯನ್ನು ಬಿಡುತ್ತಲೇ ಇರುತ್ತದೆ. ಆ ಹುಳಿ ಎಷ್ಟಿದೆಯೆಂದು ಅಳೆಯುವುದೇ ನಮ್ಮ ಪರೀಕ್ಷೆ. ಹಾಗಾಗಿ ರಕ್ತ ಸಿರಿಂಜಿಗೆ ಬಂದ ಕೂಡಲೇ ಅದನ್ನು ಐಸಿನಲ್ಲಿಟ್ಟ ಆಸಿಡ್ ಕೊಳವೆಗೆ ಹಾಕಿ, ಅಲ್ಲೇ ಕೊಂದು, ಲ್ಯಾಬಿಗೆ ಓಡಬೇಕಿತ್ತು. ಐಸನ್ನು ಮುಖ್ಯರಸ್ತೆಯ ಐಸ್‌ಕ್ಯಾಂಡಿ ಕಾರ್ಖಾನೆಯಿಂದ ಮರದ ಹೊಟ್ಟಿನಲ್ಲಿ ಸುತ್ತಿ ತರುತ್ತಿದ್ದೆ. ಅದನ್ನು ಕುಟ್ಟಿ, ಅಗಲ ಬಾಯಿಯ ಫ್ಲಾಸ್ಕಿಗೆ ತುಂಬಿ, ಹೆಗಲಿಗೆ ಹಾಕಿಕೊಂಡು ವಾರ್ಡಿಗೆ ಹೋಗುತ್ತಿದ್ದೆ. ನನ್ನನ್ನು ಕಂಡರೆ ವಾರ್ಡ್‌ಬಾಯ್ ಕೂಗುತ್ತಿದ್ದ: "ಬಂದ್ರಪ್ಪಾ ಸೊಳ್ಳೆ ಸಾಹೇಬ್ರು!"

ಎಂಬತ್ತರ ದಶಕದ ಮಾತು ಇದು. ಪೀಣ್ಯದ ಶೆಡ್ಡುಗಳ ನಡುವೆ ಇದ್ದ ಕಾರ್ಮಿಕರ ಆಸ್ಪತ್ರೆಯೊಂದರಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಓದಿದ್ದು ಎಸ್ಸೆಸ್ಸೆಲ್ಸಿ. ಬಾಟಲಿ ತೊಳೆಯಲು ಸೇರಿದವನು, ನೋಡಿ ನೋಡಿ ಕಲಿತು ಮೇಲೆ ಬಂದಿದ್ದೆ. ತೀವ್ರ ನಿಗಾ ವಾರ್ಡಿನ ಹಿರಿಯ ವೈದ್ಯೆ, ನಾವೆಲ್ಲ ಮೇಡಂ ಅನ್ನುತ್ತಿದ್ದವರು, ಹೊರಗೆ ತರಬೇತಿ ಪಡೆದು ಬಂದ ಮೇಲೆ ಈ ಪರೀಕ್ಷೆಯನ್ನು ನಮ್ಮಲ್ಲಿ ಶುರುಮಾಡಿದರು. ಯಾಕೆ ಅಂತ ನನಗೆ ಅರ್ಥವಾಗುವ ಹಾಗೆ ಹೇಳಿದ್ದರು.

"ನೋಡಪ್ಪ, ಉಸಿರು ಸಿಗದ ಮಾಂಸ ಹುಳಿ ಬಿಡುತ್ತೆ. ಮೇಲಿಂದ ನೋಡಿದ್ರೆ ಬಿ.ಪಿ. ಸರಿ ಇರಬಹುದು, ಮಾತಾಡ್ತಾ ಇರಬಹುದು. ಒಳಗೆ ಏನಾಗ್ತಿದೆ ಅಂತ ಈ ಹುಳಿ ಹೇಳುತ್ತೆ. ಎರಡರೊಳಗಿದ್ರೆ ಸರಿ. ನಾಲ್ಕು ದಾಟಿದ್ರೆ ಭಯ. ಎಂಟು ದಾಟಿದ್ರೆ..." ಅಂದು ಅವರು ಕೈ ಚೆಲ್ಲಿದ್ದರು. ಆಮೇಲೆ ಬೆರಳು ತೋರಿಸಿ ಹೇಳಿದ ಮಾತೇ ಮುಖ್ಯವಾದದ್ದು: "ಆದ್ರೆ ಒಂದೇ ಅಂಕಿ ನೋಡಿ ತೀರ್ಮಾನ ಮಾಡಬಾರದು. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟು, ಅದನ್ನ ನೋಡ್ಬೇಕು. ಇಳೀತಾ ಇದ್ರೆ ಮನುಷ್ಯ ದಡಕ್ಕೆ ಬರ್ತಿದಾನೆ ಅಂತ."

ರಕ್ತ ತೆಗೆಯಲೂ ಅವರದೇ ಕಟ್ಟುನಿಟ್ಟು. ತೋಳಿಗೆ ರಬ್ಬರ್ ಕಟ್ಟಬಾರದು, ರೋಗಿಗೆ ಮುಷ್ಟಿ ಹಿಡಿ ಅನ್ನಬಾರದು. ಎರಡರಿಂದಲೂ ಹುಳಿ ಏರುತ್ತದೆ. ಡ್ರಿಪ್ ಹನಿ ಇಳಿಯುತ್ತಿರುವ ಕೈಯನ್ನಂತೂ ಮುಟ್ಟಲೇಬಾರದು. ಈ ಕೊನೆಯ ಮಾತಿಗೆ ಕಾರಣ ಕೇಳಿದ್ದರೆ ಹೇಳುತ್ತಿದ್ದರೇನೋ. ನಾನು ಕೇಳಲಿಲ್ಲ. ಹನಿಯ ನೀರು ಸೇರಿ ರಕ್ತ ತೆಳುವಾಗುತ್ತದೆ, ಅಷ್ಟೇ ಇರಬೇಕು ಅಂತ ನಾನೇ ಅಂದುಕೊಂಡೆ.

ಪರೀಕ್ಷೆಗೆ ಬೇಕಾದ ಕಿಣ್ವ ಹೊರದೇಶದಿಂದ ಬರುತ್ತಿತ್ತು. ಬೆರಳುದ್ದದ ಬಾಟಲಿ, ಫ್ರಿಜ್ಜಿನಲ್ಲೇ ಇರಬೇಕು. ಸುಲಭಕ್ಕೆ ಸಿಗುವ ವಸ್ತುವಲ್ಲವಾದ್ದರಿಂದ ಒಂದೊಂದು ರಕ್ತವನ್ನೂ ಜೋಡಿ ಕೊಳವೆಗಳಲ್ಲಿ ನೋಡಬೇಕೆಂಬ ನಿಯಮವನ್ನು ನಾನು ಮೆಲ್ಲಗೆ ಕೈಬಿಟ್ಟಿದ್ದೆ. ಒಂದೇ ಕೊಳವೆ ಸಾಕು ಅನ್ನುವಷ್ಟು ಕೈ ಪಳಗಿದೆ ಎಂದುಕೊಂಡಿದ್ದೆ. ಆ ಬೇಸಿಗೆ ಕರೆಂಟಿನ ಕಾಟ ಬೇರೆ. ಬೆಳಿಗ್ಗೆ ಹತ್ತಕ್ಕೆ ತೆಗೆದರೆ ಮಧ್ಯಾಹ್ನದ ಊಟ ಆದ ಮೇಲೇ ಬರುತ್ತಿತ್ತು. ಜನರೇಟರ್ ಆಪರೇಷನ್ ಕೋಣೆಗೂ ವಾರ್ಡಿಗೂ ಮಾತ್ರ. ಅಳೆಯುವ ಯಂತ್ರದ ದೀಪ ಬಿಸಿಯಾಗಿ ನಿಲ್ಲಲು ಬಹಳ ಹೊತ್ತು ಬೇಕು. ಹಾಗಾಗಿ ಬೆಳಗಿನ ರಕ್ತದ ಲೆಕ್ಕ ಹತ್ತರೊಳಗೆ ಮುಗಿಯಬೇಕು. ಇಲ್ಲದಿದ್ದರೆ ಅರ್ಧ ದಿನ ಹೋಯಿತು.

ಇನ್ನೊಂದು ವಿಷಯ. ಕೆಲವು ತಿಂಗಳಲ್ಲಿ ಈ ಅಂಕಿಯ ಸುದ್ದಿ ವಾರ್ಡಿನ ಹೊರಗೂ ಹರಡಿತು. ರೋಗಿಗಳ ಮನೆಯವರು ಲ್ಯಾಬಿನ ಕಿಟಕಿಗೆ ಬಂದು "ಸಾರ್, ಇವತ್ತು ಎಷ್ಟ್ ಬಂತು?" ಅಂತ ಕೇಳತೊಡಗಿದರು. ರೋಗಿಯ ಕಡೆಯವರಿಗೆ ಹೇಳುವುದೆಲ್ಲ ಡಾಕ್ಟರೇ ಹೇಳಬೇಕು ಎಂಬುದು ಆಸ್ಪತ್ರೆಯ ನಿಯಮ. ಮೊದಮೊದಲು ನಾನೂ ಹಾಗೇ ಅನ್ನುತ್ತಿದ್ದೆ. ಆದರೆ ಕಂಬಿ ಹಿಡಿದು ನಿಂತ ಒಂದು ಮುಖ ನನ್ನ ಬಾಯನ್ನೇ ನೋಡುತ್ತಿದ್ದಾಗ ಸುಮ್ಮನಿರುವುದು ಕಷ್ಟ. ಕಷ್ಟ ಅನ್ನುವುದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಹಾಗೆ ನೋಡಿಸಿಕೊಳ್ಳುವುದು ನನಗೆ ಹಿಡಿಸಿತ್ತು. ಬಾಟಲಿ ತೊಳೆಯುತ್ತಿದ್ದವನಿಗೆ ಹುಟ್ಟು ಸಾವಿನ ಮಾತು ಕೇಳಲು ಜನ ಬರುತ್ತಿದ್ದರು. ನಾನು ಹೇಳುತ್ತಿದ್ದೆ, ಅಂಕಿ ಹೇಳಿದಂತೆಯೇ ಆಗುತ್ತಿತ್ತು, ಜನ ತಲೆಬಾಗುತ್ತಿದ್ದರು.

ಆ ರೋಗಿ ಬಂದದ್ದು ಈ ಹೊತ್ತಿನಲ್ಲಿ. ತಗಡು ಒತ್ತುವ ಪ್ರೆಸ್ ಶಾಪಿನ ಕೆಲಸಗಾರ, ಲಗ್ಗೆರೆಯವನು, ಅಂದರೆ ನಮ್ಮೂರಿನವನೇ. ಅವರ ರಾಗಿ ಹೊಲ ಕೈಗಾರಿಕೆಗೆ ಹೋದ ಮೇಲೆ ಅಣ್ಣ ಉಳಿದ ಜಾಗದಲ್ಲಿ ಬಾಡಿಗೆ ಕೋಣೆಗಳನ್ನು ಕಟ್ಟಿಸಿದ. ತಮ್ಮನಾದ ಇವನು ಕಾರ್ಖಾನೆ ಸೇರಿದ. ಪ್ರೆಸ್ಸಿನ ಅಚ್ಚು ಬಿದ್ದು ಅವನ ಎಡಗೈ ಜಜ್ಜಿಹೋಗಿತ್ತು. ಬೇರೆಲ್ಲೋ ಹೊಲಿಗೆ ಹಾಕಿಸಿಕೊಂಡು ಮನೆಯಲ್ಲಿದ್ದವನಿಗೆ ಕೀವು ತುಂಬಿ, ವಿಷ ಮೈಗೇರಿ, ಪ್ರಜ್ಞೆ ತಪ್ಪುವಂತಾದಾಗ ನಮ್ಮಲ್ಲಿಗೆ ತಂದರು. ಮೊದಲ ದಿನ ಅಂಕಿ ಏಳರ ಹತ್ತಿರ ಬಂತು. ಕೈಯನ್ನು ಮತ್ತೆ ತೆರೆದು ಶುದ್ಧ ಮಾಡಿದರು, ಔಷಧಿ ಬದಲಾಯಿಸಿದರು, ಬಲಗೈಯಲ್ಲಿ ಡ್ರಿಪ್ ನಿಲ್ಲದಂತೆ ನೋಡಿಕೊಂಡರು. ಮರುದಿನ ಐದು. ಅದರ ಮರುದಿನ ಮೂರಕ್ಕೆ ಸ್ವಲ್ಪ ಮೇಲೆ. ಮೇಡಂ ನಾನು ಅಂಕಿ ಬರೆದುಕೊಟ್ಟ ಚೀಟಿ ನೋಡಿ ನನ್ನ ಭುಜ ತಟ್ಟಿದ್ದು ಅದೊಂದೇ ಸಲ.

ಎಡಗೈಗೆ ಬಟ್ಟೆ ಸುತ್ತಿತ್ತು, ಬಲಗೈಗೆ ಡ್ರಿಪ್ ಇತ್ತು. ಆದ್ದರಿಂದ ಅವನ ರಕ್ತವನ್ನು ತೊಡೆಯ ಸಂದಿಯಿಂದ ತೆಗೆಯಬೇಕಿತ್ತು. ಪರದೆ ಎಳೆಯಬೇಕು, ಸಿಸ್ಟರ್ ಜೊತೆಗಿರಬೇಕು, ತೆಗೆದ ಮೇಲೆ ಒತ್ತಿ ಹಿಡಿದು ನಿಲ್ಲಬೇಕು.

ನಾಲ್ಕನೆಯ ಬೆಳಿಗ್ಗೆ ನಾನು ವಾರ್ಡಿಗೆ ಹೋಗುವುದೇ ತಡವಾಯಿತು. ಐಸ್ ಕಾರ್ಖಾನೆಯವನು ಬಾಗಿಲು ತೆಗೆದಿರಲಿಲ್ಲ. ಮೇಡಂ ಸಭೆಯೊಂದಕ್ಕೆ ಸಿಟಿಗೆ ಹೋಗಿದ್ದರು, ಮಧ್ಯಾಹ್ನದ ನಂತರ ಬರುವವರಿದ್ದರು. ರೋಗಿ ದಿಂಬಿಗೆ ಒರಗಿ ಕೂತಿದ್ದ. ಅವನ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

"ಅಣ್ಣೋ, ಪ್ರೆಸ್ಸು ಒಂದೇ ಸಲ ನನ್ ರಕ್ತ ಕುಡೀತು," ಅಂದ ಅವನು. ದನಿ ಸಣ್ಣಗಿತ್ತು, ಆದರೆ ನಗು ಇತ್ತು. "ನೀನು ದಿನಾ ಕುಡೀತೀಯಲ್ಲ."

"ಸುಮ್ಕಿರಿ, ಗಂಜಿ ನೆತ್ತಿಗತ್ತದೆ," ಅಂದಳು ಹೆಂಡತಿ. ನನ್ನ ಕಡೆ ತಿರುಗಿ, "ಇವತ್ತು ಅರ್ಧ ಲೋಟ ಕುಡುದ್ರು ಅಣ್ಣ. ರಾತ್ರಿ ಮಗೀನ್ ಹೆಸ್ರು ಹೇಳುದ್ರು," ಅಂದಳು.

ಸಿಸ್ಟರ್ ಇನ್ನೊಂದು ಹಾಸಿಗೆಯ ಬಳಿ ಇದ್ದರು. "ಐದು ನಿಮಿಷ ಇರಿ, ಬರ್ತೀನಿ," ಅಂದರು. ಗೋಡೆ ಗಡಿಯಾರ ನೋಡಿದೆ. ಯಂತ್ರದ ದೀಪ ಹಚ್ಚಿ ಬಂದಿದ್ದೆ. ಕರೆಂಟ್ ಹೋಗುವ ಹೊತ್ತು ಹತ್ತಿರವಾಗುತ್ತಿತ್ತು. ರೋಗಿಯ ಬಲಗೈಯ ಮೊಣಕೈ ಮಡಿಕೆಯಲ್ಲಿ ದಪ್ಪನೆಯ ರಕ್ತನಾಳ ಎದ್ದು ಕಾಣುತ್ತಿತ್ತು. ಡ್ರಿಪ್ಪಿನ ಸೂಜಿ ಅದರ ಕೆಳಗೆ, ಮುಂಗೈ ಹತ್ತಿರ. ಹನಿಯ ಗಾಲಿ ತಿರುಗಿಸಿ ನಿಲ್ಲಿಸಿದೆ, ಮನಸ್ಸಿನಲ್ಲಿ ಹತ್ತು ಎಣಿಸಿದೆ, ಮೇಲಿನ ನಾಳಕ್ಕೆ ಸೂಜಿ ಹಾಕಿದೆ. ಬಂದ ರಕ್ತ ತೆಳ್ಳಗೆ, ಎಳೆ ದಾಸವಾಳದ ಬಣ್ಣದ್ದಿತ್ತು. ಆಸಿಡ್ ಕೊಳವೆಗೆ ಬಿದ್ದಾಗ ಏಳುವ ಕಂದು ಗಸಿಯೂ ದಿನದಷ್ಟಿರಲಿಲ್ಲ. ಅದನ್ನು ಕಂಡೆ. ಕಂಡು, ಇವನಿಗೆ ಒಳಗೆಲ್ಲೋ ರಕ್ತ ಸೋರುತ್ತಿರಬೇಕು ಅಂದುಕೊಂಡೆ. ನನ್ನ ಕೈಯ ಬಗ್ಗೆ ನನಗೆ ಅನುಮಾನವೇ ಬರಲಿಲ್ಲ.

ಗಾಲಿ ಬಿಟ್ಟು, ಫ್ಲಾಸ್ಕನ್ನು ಮಂಚದ ಪಕ್ಕದಲ್ಲೇ ಮರೆತು, ಕೊಳವೆಯನ್ನು ಐಸ್ ಚೂರಿನ ಡಬ್ಬಿಯಲ್ಲಿಟ್ಟುಕೊಂಡು ಓಡಿದೆ. ಗಿರಗಿರನೆ ತಿರುಗಿಸುವ ಯಂತ್ರದಲ್ಲಿ ಗಸಿ ಕೂರಿಸಿ, ಮೇಲಿನ ತಿಳಿ ತೆಗೆದು, ಕಿಣ್ವ ಹಾಕಿ ಕಾದು, ಯಂತ್ರದಲ್ಲಿಟ್ಟಾಗ ಮುಳ್ಳು ನಾನು ಎಣಿಸಿದಲ್ಲಿ ನಿಲ್ಲಲಿಲ್ಲ. ಇನ್ನೂ ಮುಂದೆ ಹೋಯಿತು. ಲೆಕ್ಕ ಹಾಕಿದೆ. ಹನ್ನೊಂದು. ಮತ್ತೆ ಹಾಕಿದೆ. ಹನ್ನೊಂದೇ. ಇನ್ನೊಂದು ಕೊಳವೆ ಇಟ್ಟು ನೋಡೋಣ ಅನ್ನುವಷ್ಟರಲ್ಲಿ ಕರೆಂಟ್ ಹೋಯಿತು.

ಕತ್ತಲಾದ ಲ್ಯಾಬಿನ ಕಿಟಕಿಯಲ್ಲಿ ರೋಗಿಯ ಅಣ್ಣ ನಿಂತಿದ್ದ. ಊರ ಲೆಕ್ಕದಲ್ಲಿ ಅವನು ನನಗೆ ಮಾವ.

"ಏನ್ಲಾ ಅಳಿಯ, ಎಷ್ಟಾತು?"

ನಾನು ಲೆಕ್ಕದ ಹಾಳೆಯನ್ನು ಮಗುಚಿಟ್ಟೆ. ಅದೇ ಅವನಿಗೆ ಸಾಕಾಯಿತು.

"ಸುತ್ತಿ ಬಳಸಿ ಹೇಳ್ಬ್ಯಾಡ ಕಣ್ಲಾ. ಉಳೀತಾನಾ, ಇಲ್ವಾ?"

"ಹನ್ನೊಂದು ಬಂದೈತೆ ಮಾವ," ಅಂದೆ. "ನಾನು ನೋಡ್ದಂಗೆ ಎಂಟು ದಾಟಿದೋರು ಯಾರೂ ವಾಪಸ್ ಮನೆಗೋಗಿಲ್ಲ."

ಅವನು ಕಂಬಿಯಿಂದ ಕೈ ತೆಗೆದು ಮುಖ ಒರೆಸಿಕೊಂಡ. "ಬೆಳಿಗ್ಗೆ ಗಂಜಿ ಕುಡುದ್ನಲ್ಲೋ."

"ಆರೋ ಮುಂಚೆ ದೀಪ ಜೋರಾಗಿ ಉರಿಯಲ್ವಾ ಮಾವ."

ಈ ಮಾತು ನನ್ನ ಬಾಯಿಂದ ಬಂತು. ಎಲ್ಲೋ ಕೇಳಿದ್ದ ಮಾತು, ಜ್ಞಾನಿಯ ಹಾಗೆ ಆಡಿದೆ. ಅವನು ತಿರುಗಿ ವಾರ್ಡಿನ ಕಡೆ ನೋಡಿದ. ನಮ್ಮ ಕಡೆ, ಹೊರಗೆ ಸತ್ತವನ ದೇಹವನ್ನು ಮನೆಯ ಬಾಗಿಲು ದಾಟಿಸುವುದಿಲ್ಲ. ಬೀದಿಯಲ್ಲೇ ಮಲಗಿಸಿ, ಬೀದಿಯಿಂದಲೇ ಎತ್ತುತ್ತಾರೆ. ಸಾಯುವವನು ತನ್ನ ಮನೆಯ ಪಡಸಾಲೆಯಲ್ಲಿ, ತನ್ನವರ ಕೈಯ ನೀರು ಕುಡಿದು ಸಾಯಬೇಕು. ಕಾರ್ಖಾನೆಯ ಏಟು ಬೇರೆ, ಆಸ್ಪತ್ರೆಯಲ್ಲೇ ಹೋದರೆ ಪೊಲೀಸು, ಹೆಣ ಕೊಯ್ಯುವುದು. ಮಾವ ಏನು ಯೋಚಿಸುತ್ತಿದ್ದಾನೆಂದು ನನಗೆ ಗೊತ್ತಿತ್ತು. ಅವನು ಕೇಳದಿದ್ದರೂ ನಾನೇ ಹೇಳಿದೆ:

"ಕರ್ಕೊಂಡೋಗೋದಾದ್ರೆ ತಡ ಮಾಡ್ಬೇಡ ಮಾವ. ಮೇಡಂ ಬಂದ್ರೆ ಬಿಡಲ್ಲ."

ಇಷ್ಟು ವರ್ಷ ಈ ಕೊನೆಯ ಮಾತನ್ನು ನಾನು ಯಾರಿಗೂ ಹೇಳಿಲ್ಲ. ಮಾವನೂ ಹೇಳಲಿಲ್ಲ, ಈಗ ಅವನಿಲ್ಲ. ಅಂಕಿ ತಪ್ಪಾದದ್ದು ಕೈತಪ್ಪು. ಇದು ಕೈತಪ್ಪಲ್ಲ. ಊರವನಿಗೆ ಒಂದು ಉಪಕಾರ ಮಾಡುತ್ತಿದ್ದೇನೆ ಎಂಬ ಬೆಚ್ಚನೆಯ ಭಾವದಲ್ಲಿ ಆಡಿದ ಮಾತು.

ವಾರ್ಡಿನಲ್ಲಿದ್ದ ಕಿರಿಯ ಡಾಕ್ಟರ್ ಮೊದಲು ಒಪ್ಪಲಿಲ್ಲ. "ಮೇಡಂ ಬರೋವರೆಗೂ ಕಾಯ್ರಿ," ಅಂದರು. ನನ್ನನ್ನು ಕರೆಸಿ ಅಂಕಿ ಕೇಳಿದರು. ಹೇಳಿದೆ. ಎಲ್ಲಿಂದ ತೆಗೆದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ರೋಗಿಯನ್ನು ಒಮ್ಮೆ ನೋಡಿದರು, ಚೀಟಿಯನ್ನು ಒಮ್ಮೆ ನೋಡಿದರು, ಮಾವನಿಂದ ಸಹಿ ಹಾಕಿಸಿಕೊಂಡರು. ಹೆಂಡತಿ ಮಾತ್ರ ಮಂಚದ ಕಾಲು ಹಿಡಿದುಕೊಂಡಿದ್ದಳು.

"ಚೆಂದಾಗವ್ರಲ್ಲ ಭಾವ, ಯಾಕ್ ಕರ್ಕೊಂಡೋಗ್ತಿದೀರ?"

"ಮಿಸೀನು ಹೇಳೈತೆ ಕಣವ್ವ," ಅಂದ ಮಾವ. "ನಂ ಕಣ್ಣಿಗೆ ಕಾಣ್ದಿದ್ದು ಅದಕ್ಕೆ ಕಾಣ್ತದೆ."

ಡ್ರಿಪ್ ಕಿತ್ತರು. ಬಾಡಿಗೆ ಟೆಂಪೋ ಬಂತು. ರೋಗಿಗೆ ಮನೆಗೆ ಹೋಗುತ್ತಿರುವುದು ವಾಸಿಯಾಗಿ ಎಂದೇ ಅನ್ನಿಸಿರಬೇಕು. ವಾರ್ಡ್‌ಬಾಯ್ ಕಡೆ ಕೈ ಎತ್ತಿದ.

ಮಧ್ಯಾಹ್ನ ಫ್ಲಾಸ್ಕ್ ನೆನಪಾಗಿ ವಾರ್ಡಿಗೆ ಹೋದೆ. ಆಯಾ ಆ ಮಂಚದ ಕೆಳಗೆ ಗುಡಿಸುತ್ತಿದ್ದಳು. ಖಾಲಿಯಾಗುತ್ತಾ ಬಂದಿದ್ದ ಡ್ರಿಪ್ ಬಾಟಲಿ ಇನ್ನೂ ಕಂಬದಲ್ಲೇ ನೇತಾಡುತ್ತಿತ್ತು. ಕೆಳಗಿಳಿಸಿ ಕೊಡೋಣವೆಂದು ಕೈ ಹಾಕಿದಾಗ ಲೇಬಲ್ ನನ್ನ ಕಡೆ ತಿರುಗಿತು. ರಿಂಗರ್ ಲ್ಯಾಕ್ಟೇಟ್ ಎಂದು ಇಂಗ್ಲಿಷಿನಲ್ಲಿತ್ತು.

"ಸಿಸ್ಟರ್, ಇವ್ರಿಗೆ ಸಲೈನ್ ಅಲ್ವಾ ಹೋಗ್ತಿದ್ದಿದ್ದು?"

"ಸಲೈನ್ ಸ್ಟಾಕ್ ಮುಗೀತಲ್ಲ. ಬೆಳಿಗ್ಗೆಯಿಂದ ಇದೇ ಹಾಕಿದ್ದು. ಯಾಕೆ?"

ನಾನು ರಕ್ತದಲ್ಲಿ ಹನಿ ಹನಿಯಾಗಿ ಹುಡುಕುತ್ತಿದ್ದ ವಸ್ತುವೇ ಆ ಬಾಟಲಿಯಲ್ಲಿ ತುಂಬಿತ್ತು. ಅದು ಹರಿಯುತ್ತಿದ್ದ ನಾಳದಿಂದಲೇ ನಾನು ಬೊಗಸೆ ಎತ್ತಿದ್ದೆ.

ಆಗಲೇ ಓಡಬೇಕಿತ್ತು. ನಾನು ಓಡಲಿಲ್ಲ. ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಲ್ಯಾಬಿಗೆ ಒಯ್ದೆ. ಕರೆಂಟ್ ಬಂದಿತ್ತು. ದೀಪ ಬಿಸಿಯಾಗುವವರೆಗೆ ಕೂತು, ಒಂದು ಹನಿಯನ್ನು ನೀರಿನಲ್ಲಿ ತೆಳುಮಾಡಿ, ಕಿಣ್ವ ಹಾಕಿ ಅಳೆದೆ. ಮುಳ್ಳು ಕೊನೆಯ ಗೆರೆಗೆ ಹೋಗಿ ಒರಗಿತು. ಆ ಪರೀಕ್ಷೆ ಯಾರಿಗೂ ಬೇಕಿರಲಿಲ್ಲ. ಬಾಟಲಿಯ ಮೇಲೇ ಬರೆದಿತ್ತು. ಆದರೆ ಅಳೆಯುತ್ತಿರುವಷ್ಟು ಹೊತ್ತು ನಾನು ಆ ಮನೆಗೆ ಹೋಗಬೇಕಾಗಿರಲಿಲ್ಲ.

ಆಮೇಲೆ ಕೊಳವೆಗಳನ್ನು ತೊಳೆದೆ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಒಂದು ಯೋಚನೆ ಬಂತು: ಯಾರಿಗೂ ಗೊತ್ತಿಲ್ಲ. ಅವನು ಮನೆಯಲ್ಲಿ ಹೋದರೆ ಅಂಕಿ ಸರಿಯಾಗಿತ್ತು ಅನ್ನುತ್ತಾರೆ. ಕೊಳವೆ ಕೈಯಿಂದ ಜಾರಿ ತೊಟ್ಟಿಯಲ್ಲಿ ಒಡೆಯಿತು. ಸಿಸ್ಟರ್‌ಗೆ "ಲಗ್ಗೆರೆ ರೋಗಿಯನ್ನು ವಾಪಸ್ ತರುತ್ತಿದ್ದೇನೆ, ಹಾಸಿಗೆ ಬೇರೆಯವರಿಗೆ ಕೊಡಬೇಡಿ" ಅಂತ ಹೇಳಿ ಸೈಕಲ್ ಹತ್ತಿದೆ.

ಮನೆ ತುಂಬ ಜನ. ಪಡಸಾಲೆಯಲ್ಲಿ ಚಾಪೆಯ ಮೇಲೆ ಅವನನ್ನು ಮಲಗಿಸಿದ್ದರು. ತಲೆಯ ಬಳಿ ತುಳಸಿ ಹಾಕಿದ ನೀರಿನ ಚೊಂಬು. ಟೆಂಪೋ, ಜಿಗಣಿಗೆ ಕೊಟ್ಟ ಅವನ ತಂಗಿಯನ್ನು ಕರೆತರಲು ಊರಾಚೆಗೆ ಹೋಗಿತ್ತು. ಅವನ ಮುಖ ಬೆಳಗಿನ ಮುಖವಾಗಿರಲಿಲ್ಲ. ತುಟಿ ಒಣಗಿ ಬೂದಿ ಬಣ್ಣ ಬಂದಿತ್ತು. ಬೆಳಗಿನಿಂದ ಡ್ರಿಪ್ ಇಲ್ಲ, ಇಂಜೆಕ್ಷನ್ ಇಲ್ಲ. ಪಾದ ಮುಟ್ಟಿದೆ, ಐಸ್ ಫ್ಲಾಸ್ಕಿಗೆ ಕೈ ಹಾಕಿದಂತಾಯಿತು.

ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಲ್ಲಿ ಕಟ್ಟಿಕೊಂಡು ಬಂದಿದ್ದೆ. ಮಾವ ಎದುರಿಗೆ ಬಂದಾಗ ಬೇರೆಯೇ ಮಾತು ಬಂತು.

"ಮಾವ, ಮೇಡಂ ಕರ್ಕೊಂಡ್ಬಾ ಅಂದವ್ರೆ. ಒಸ ಔಷಧಿ ಬಂದೈತಂತೆ."

"ಒಸ ಔಷಧೀಲಿ ಹನ್ನೊಂದು ಇಳೀತದಾ?"

"ನೋಡ್ಬೋದು ಅಂದ್ರು."

"ನೀನೇ ಅಂದಲ್ಲೋ, ಒಬ್ರೂ ವಾಪಸ್ ಬಂದಿಲ್ಲ ಅಂತ?" ಅವನು ನನ್ನನ್ನು ಗದರಲಿಲ್ಲ, ಮೆಲ್ಲಗೆ ಪಕ್ಕಕ್ಕೆ ಕರೆದ. "ನಿನ್ ಮನ್ಸು ಒಳ್ಳೇದು ಅಳಿಯ. ತಡ್ಕೊಳಕ್ಕಾಯ್ತಿಲ್ಲ ನಿಂಗೆ. ಆದ್ರೆ ನೀರು ಬಿಟ್ಟಾದ್ಮ್ಯಾಗೆ ಮತ್ತೆ ಬಾಗ್ಲು ದಾಟ್ಸಿ, ಆಸ್ಪತ್ರೇಲಿ ಹೋದ್ರೆ? ಆಮ್ಯಾಕೆ ಅವನನ್ನ ಒಳಕ್ಕೆ ತರಾಕಾಯ್ತದಾ? ಬೀದೀಲಾಕ್ಲಾ ನನ್ ತಮ್ಮನ್ನ?"

ಊರ ಹಿರಿಯರು ಬರಲಿ, ಕೇಳೋಣ ಅಂದರು ಅಲ್ಲಿದ್ದವರು. ಹಿರಿಯರಿಗೆ ಹೇಳಿಕಳಿಸಿದರು. ಅವರು ಬಂದು, ಕೂತು, ನೀರು ಕುಡಿದು, ಎಲ್ಲವನ್ನೂ ಮೊದಲಿಂದ ಕೇಳಿದರು. ಜಗುಲಿಯ ಮೇಲಿದ್ದ ಬಿಸಿಲು ಅಂಗಳಕ್ಕೆ ಇಳಿಯಿತು. ನಾನು ಕಂಬಕ್ಕೆ ಒರಗಿ ಹೊಸ ಔಷಧಿಯ ಮಾತನ್ನೇ ಮತ್ತೆ ಮತ್ತೆ ಹೇಳುತ್ತಿದ್ದೆ, ಪ್ರತಿ ಸಲವೂ ಅದು ಇನ್ನಷ್ಟು ಸುಳ್ಳಾಗಿ ಕೇಳುತ್ತಿತ್ತು. ಅವನ ಉಸಿರು ಆಳವಾಗಿ, ಬೇಗಬೇಗ ಆಡುತ್ತಿತ್ತು. ಆ ಉಸಿರು ನನಗೆ ಗೊತ್ತಿತ್ತು. ರಕ್ತ ಹುಳಿಯಾದವರು ಹಾಗೇ ಉಸಿರಾಡುತ್ತಾರೆ.

ಹೆಂಡತಿ ಬಟ್ಟೆ ಅದ್ದಿ ಅವನ ತುಟಿಗೆ ಮುಟ್ಟಿಸುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಅಮ್ಮಾ, ಹನ್ನೊಂದು ಇರಲಿಲ್ಲ."

ಅವಳಿಗೆ ತಿಳಿಯಲಿಲ್ಲ.

"ಬೆಳಿಗ್ಗೆ ನಾನು ತಪ್ಪು ಕೈಯಿಂದ ರಕ್ತ ತೆಗೆದೆ. ಡ್ರಿಪ್ ಬಾಟ್ಲೀಲಿದ್ದ ಹುಳಿ ಅದ್ರಲ್ಲಿ ಸೇರ್ಕೊಳ್ತು. ಇವ್ರ ರಕ್ತ ಚೆನ್ನಾಗೇ ಇತ್ತು. ನೀನು ಕಂಡಿದ್ದೇ ನಿಜ. ಹೊಸ ಔಷಧಿ ಏನೂ ಇಲ್ಲ. ನಾನು ತಪ್ಪು ಮಾಡ್ದೆ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಚೊಂಬಿನ ಮೇಲಿಟ್ಟಳು.

"ಬಂದಾಗ್ಲೇ ಯಾಕ್ ಹೇಳ್ನಿಲ್ಲ?"

ಎದ್ದು ಚಾಪೆಯ ಒಂದು ತುದಿಯನ್ನು ತಾನೇ ಎತ್ತಿದಳು. "ಇಡ್ಕೊಳ್ರೋ ಯಾರಾದ್ರೂ!"

ಮಾವ ನನ್ನ ಮೇಲೆ ಕೈ ಮಾಡಬಹುದು ಅಂದುಕೊಂಡೆ. ಮಾಡಿದ್ದರೆ ಒಳ್ಳೆಯದಿತ್ತು. ಅವನು ಹೆಗಲ ಮೇಲಿನ ಟವೆಲ್ ತೆಗೆದು ತಮ್ಮನ ಪಾದಗಳಿಗೆ ಸುತ್ತಿದ. ಟೆಂಪೋ ಇಲ್ಲ. ಹಿತ್ತಲಿನಿಂದ ಹಗ್ಗದ ಮಂಚ ತಂದರು. ಅದರ ಮೇಲೆ ಅವನನ್ನು ಮಲಗಿಸಿ ನಾಲ್ವರು ಹೆಗಲು ಕೊಟ್ಟೆವು. ಒಂದು ಮೂಲೆ ನನ್ನದು. ಅವಳು ಪಕ್ಕದಲ್ಲಿ ಅವನ ಬಲಗೈ ಹಿಡಿದುಕೊಂಡು ಓಡುತ್ತಿದ್ದಳು.

ಮುಖ್ಯರಸ್ತೆ ಸೇರುವಾಗ ಕಾರ್ಖಾನೆಗಳ ಸೈರನ್ ಕೂಗಿತು. ಪಾಳಿ ಮುಗಿದ ಜನ ಹೊರಗೆ ಬರುತ್ತಿದ್ದರು. ನಾಲ್ಕು ಜನ ಮಂಚ ಹೊತ್ತು, ಹಿಂದೆ ಹೆಂಗಸರು ಬರುತ್ತಿರುವುದನ್ನು ಕಂಡು ಅವರು ಸೈಕಲ್ ಇಳಿದು ಬದಿಗೆ ಸರಿದರು. ಕೆಲವರು ಚಪ್ಪಲಿ ಬಿಟ್ಟು ಕೈ ಮುಗಿದರು. ಒಬ್ಬ ಮುದುಕ ನಾಣ್ಯ ಎಸೆದ. ಅದು ರೋಗಿಯ ಎದೆಯ ಮೇಲೆ ಬಿತ್ತು. ಅವಳು ಅದನ್ನು ಹೆಕ್ಕಿ ರಸ್ತೆಗೆ ಬಿಸಾಡಿದಳು.

"ಬದುಕವ್ರೆ! ಬದುಕವ್ರೆ ಕಣ್ರೋ!" ಅಂತ ಕೂಗುತ್ತಾ ಓಡಿದಳು. ಜನ ಕೈ ಮುಗಿಯುವುದನ್ನು ನಿಲ್ಲಿಸಲಿಲ್ಲ.

ಸಿಸ್ಟರ್‌ನಿಂದ ವಿಷಯ ತಿಳಿದು ಮೇಡಂ ಆಸ್ಪತ್ರೆಯ ಬಾಗಿಲಲ್ಲೇ ಇದ್ದರು. ಮಂಚ ಇಳಿಸುತ್ತಿದ್ದಂತೆ ಅವನ ಕಣ್ಣುರೆಪ್ಪೆ ಎತ್ತಿ ನೋಡಿದರು, ನನ್ನ ಕಡೆ ತಿರುಗಿದರು.

"ಯಾವ ಕೈಯಿಂದ ತೆಗೆದೆ?"

"ಬಲಗೈ ಮೇಡಂ."

"ಡ್ರಿಪ್ ಯಾವ ಕೈಗಿತ್ತು?"

"ಬಲಗೈಗೇ."

ಅವರು ಬಯ್ಯಲಿಲ್ಲ. "ಐಸ್ ಇದೆಯಾ?" ಅಂದರು. ಫ್ಲಾಸ್ಕಿನ ತಳದಲ್ಲಿ ಅಂಗೈಯಷ್ಟು ಉಳಿದಿತ್ತು. ತೊಡೆಯ ಸಂದಿಯಿಂದ ಅವರೇ ರಕ್ತ ತೆಗೆದರು. ಅದು ದಪ್ಪಗೆ, ನೇರಳೆ ಹಣ್ಣಿನಂತೆ ಕಪ್ಪಾಗಿತ್ತು. ಈ ಸಲ ನಾನು ಎಲ್ಲವನ್ನೂ ಪುಸ್ತಕದಲ್ಲಿದ್ದ ಹಾಗೆ ಮಾಡಿದೆ. ಜೋಡಿ ಕೊಳವೆ ಇಟ್ಟೆ. ಗೊತ್ತಿರುವ ಅಳತೆಯ ದ್ರಾವಣವನ್ನು ಪಕ್ಕದಲ್ಲಿಟ್ಟು ಯಂತ್ರವನ್ನು ಪರೀಕ್ಷಿಸಿದೆ. ದೀಪ ಪೂರ್ತಿ ನಿಲ್ಲುವವರೆಗೆ ಕಾದೆ. ಎರಡು ಕೊಳವೆಯೂ ಒಂದೇ ಮಾತು ಹೇಳಿದವು. ಹನ್ನೆರಡು.

ಬೆಳಿಗ್ಗೆ ನಾನು ಹೇಳಿದ್ದು ಸುಳ್ಳಾಗಿತ್ತು. ಸಂಜೆಯ ಹೊತ್ತಿಗೆ ಅದು ನಿಜವಾಗಿತ್ತು. ಅದನ್ನು ನಿಜ ಮಾಡಿದ್ದು ಕೀವಲ್ಲ, ಪ್ರೆಸ್ಸಲ್ಲ. ಮನೆಯ ಪಡಸಾಲೆಯಲ್ಲಿ ಕಳೆದ ಆ ಹೊತ್ತು. ಅದರಲ್ಲಿ ಒಂದಷ್ಟು ಪಾಲು, ಹೊಸ ಔಷಧಿ ಎಂದು ನಾನು ಕಂಬಕ್ಕೆ ಒರಗಿ ನಿಂತದ್ದು.

ಅಂಕಿಯನ್ನು ಮೇಡಂ ಕೈಗೆ ಕೊಟ್ಟೆ. ಅವರು ಓದಿ ವಾರ್ಡಿನೊಳಗೆ ಹೋದರು. ಒಳಗೆ ಉಸಿರಾಟದ ಕೊಳವೆ ಹಾಕುತ್ತಿದ್ದರು. ಹೆಂಡತಿ ಲ್ಯಾಬಿನ ಬಾಗಿಲಿಗೇ ಬಂದಳು. ಕಿಟಕಿಯಲ್ಲಿ ಅಲ್ಲ, ಬಾಗಿಲಲ್ಲಿ.

"ಎಷ್ಟಣ್ಣ?"

"ಮೇಡಂ ಹೇಳ್ತಾರಮ್ಮ."

"ಬೆಳಿಗ್ಗೆ ನೀನೇ ಹೇಳ್ದಲ್ಲ. ಈಗ್ಲೂ ನೀನೇ ಹೇಳು."

ಹೇಳಿದೆ. ಅವಳು ಅಳಲಿಲ್ಲ. ಇನ್ನೂ ಹತ್ತಿರ ಬಂದಳು.

"ಬೆಳಿಗ್ಗೆ ತಪ್ಪಾಗಿತ್ತಲ್ಲ, ಇದೂ ತಪ್ಪಿರ್ಬೋದು. ಇನ್ನೊಂದ್ಸಲ ನೋಡಣ್ಣ. ನಿಂಗೆ ತಪ್ಪಾಗ್ತದಲ್ಲ? ನೋಡು."

ನನಗೆ ತಪ್ಪಾಗುತ್ತದೆ ಎಂಬುದೇ ಅವಳಿಗೆ ಉಳಿದಿದ್ದ ಒಂದೇ ಆಸೆ. ಬೇಡ ಅನ್ನಲಾಗಲಿಲ್ಲ. ಮೇಡಂ ಬಳಿ ಹೋಗಿ ಇನ್ನೊಮ್ಮೆ ರಕ್ತ ಬೇಕು ಅಂದೆ. ಅವರು ಬಾಗಿಲ ಕಡೆ ನೋಡಿ, ತೆಗೆದುಕೊಟ್ಟರು. ಐಸ್ ಮುಗಿದಿತ್ತು. ಕೊಳವೆಯನ್ನು ತಣ್ಣೀರಿನಲ್ಲಿ ಅದ್ದಿಟ್ಟುಕೊಂಡು ಓಡಿದೆ. ಬಾಟಲಿಯಲ್ಲಿ ಉಳಿದಿದ್ದ ಕಿಣ್ವವನ್ನೆಲ್ಲ ಬಳಸಿದೆ. ಅವಳು ನನ್ನ ಹಿಂದೆಯೇ ಬಂದು ಗೋಡೆಗೆ ಒರಗಿ ನಿಂತು, ನನ್ನ ಕೈಯನ್ನು ನೋಡುತ್ತಿದ್ದಳು. ಕಿಣ್ವ ಕೆಲಸ ಮಾಡುವಷ್ಟು ಹೊತ್ತು ಕಾದೆವು. ಹೊರಗೆ ಮಾವ ಯಾರಿಗೋ, ಜಿಗಣಿಯ ತಂಗಿ ಬಂದಳಾ ಅಂತ ಕೇಳುತ್ತಿದ್ದ.

ಕೊಳವೆಯನ್ನು ಯಂತ್ರದಲ್ಲಿಟ್ಟೆ. ಮುಳ್ಳು ಏರಿತು, ಹಿಂದಿನ ಗೆರೆ ದಾಟಿತು, ನಿಂತಿತು. ಲೆಕ್ಕ ಹಾಕುವ ಅಗತ್ಯವಿರಲಿಲ್ಲ. ಆದರೂ ಅವಳ ಎದುರಿಗೆ ಪೆನ್ಸಿಲ್ ಹಿಡಿದು ಹಾಕಿದೆ, ಒಂದೊಂದೇ ಸಾಲು, ಮೇಲಿಂದ ಕೆಳಗೆ.

"ತಪ್ಪಿದ್ಯಾ ಅಣ್ಣ?" ಅಂದಳು.

ನಾನು ಪೆನ್ಸಿಲ್ ಕೆಳಗಿಟ್ಟೆ.

"ಇಲ್ಲಮ್ಮ," ಅಂದೆ. "ಈ ಸಲ ಸರಿಯಾಗಿದೆ."